ಹೊರಹಾಕಿದ ವಿಶ್ವವಿದ್ಯಾಲಯಕ್ಕೆ ಮರಳುವ ದಾರಿ

ಅಮೆರಿಕದಲ್ಲಿ ಸೆಮಿಸ್ಟರ್ ಮುಗಿದು ಗ್ರೇಡುಗಳು ಹೊರಬಿದ್ದ ಕೆಲವೇ ದಿನಗಳಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಡೀನ್ ಕಚೇರಿಯಿಂದ ಒಂದು ಪತ್ರ ಬರುತ್ತದೆ. ಓದಿನಲ್ಲಿ ತೃಪ್ತಿಕರ ಪ್ರಗತಿ ಕಾಣದ ಕಾರಣ ವಿಶ್ವವಿದ್ಯಾಲಯ ನಿಮ್ಮನ್ನು ಕೈಬಿಟ್ಟಿದೆ ಎಂಬುದು ಅದರ ಸಾರಾಂಶ. ಅಲ್ಲಿನವರು ಇದನ್ನು ಅಕಾಡೆಮಿಕ್ ಡಿಸ್‌ಮಿಸಲ್ ಎನ್ನುತ್ತಾರೆ. ನಕಲು, ಹೊಡೆದಾಟದಂಥ ಶಿಸ್ತಿನ ಪ್ರಕರಣಗಳಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ತಪ್ಪಿದ್ದು ಅಂಕ ಮಾತ್ರ, ನಡತೆಯಲ್ಲ. ಆದರೂ ಪತ್ರ ಕೈಗೆ ಬಂದ ವಿದ್ಯಾರ್ಥಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಬದುಕೇ ಮುಗಿಯಿತು ಅನ್ನಿಸುತ್ತದೆ.

ಮುಗಿದಿರುವುದಿಲ್ಲ. ಹೊರಹಾಕುವ ನಿಯಮ ಬರೆದ ಎಷ್ಟೋ ವಿಶ್ವವಿದ್ಯಾಲಯಗಳು ಮರಳಿ ಸೇರಿಸಿಕೊಳ್ಳುವ ನಿಯಮವನ್ನೂ ಅದೇ ಕೈಪಿಡಿಯಲ್ಲಿ ಬರೆದಿಟ್ಟಿವೆ. ಆ ದಾರಿಯಲ್ಲಿ ಹೋಗುವವರು ಏನೇನು ತಿಳಿದಿರಬೇಕು ಎಂಬುದೇ ಈ ಅಧ್ಯಾಯದ ವಿಷಯ.

ಪತ್ರ ಬರುವ ಮುನ್ನ

ಅಮೆರಿಕದ ಲೆಕ್ಕದಲ್ಲಿ 'ಎ' ಗ್ರೇಡಿಗೆ 4 ಅಂಕ, 'ಬಿ'ಗೆ 3, 'ಸಿ'ಗೆ 2, 'ಡಿ'ಗೆ 1, 'ಎಫ್'ಗೆ ಸೊನ್ನೆ. ಪ್ರತಿ ವಿಷಯದ ಕ್ರೆಡಿಟ್‌ಗೆ ತಕ್ಕಂತೆ ಇವುಗಳ ಸರಾಸರಿ ತೆಗೆದರೆ ಬರುವುದೇ ಜಿಪಿಎ. ಪದವಿ ವಿದ್ಯಾರ್ಥಿಗಳು ಸಾಮಾನ್ಯವಾಗಿ 2.0, ಸ್ನಾತಕೋತ್ತರ ವಿದ್ಯಾರ್ಥಿಗಳು 3.0 ಉಳಿಸಿಕೊಂಡಿರಬೇಕು. ಅದಕ್ಕಿಂತ ಕೆಳಗಿಳಿದರೆ ಮೊದಲು ಎಚ್ಚರಿಕೆ, ಆಮೇಲೆ ಪ್ರೊಬೇಷನ್ ಎಂಬ ನಿಗಾ ಅವಧಿ. ಅಷ್ಟರಲ್ಲೂ ಸುಧಾರಿಸದಿದ್ದರೆ ಒಂದೆರಡು ಸೆಮಿಸ್ಟರ್ ಹೊರಗಿರುವ ಅಮಾನತು, ಇಲ್ಲವೇ ಪೂರ್ತಿ ಡಿಸ್‌ಮಿಸಲ್. ಹಂತಗಳ ಹೆಸರು, ಗಡುವು ಒಂದೊಂದು ಕಡೆ ಒಂದೊಂದು ಬಗೆ. ಆದ್ದರಿಂದ ಪತ್ರ ಬಂದ ದಿನವೇ ತಮ್ಮ ವಿಶ್ವವಿದ್ಯಾಲಯದ ಕೈಪಿಡಿ ತೆರೆದು ತಮಗೆ ಅನ್ವಯಿಸುವ ಪುಟ ಓದಿಕೊಳ್ಳಬೇಕು. ಗೆಳೆಯನಿಗೆ ಅನ್ವಯಿಸಿದ ನಿಯಮ ನಿಮಗೂ ಅನ್ವಯಿಸುತ್ತದೆ ಎಂದು ನಂಬಿ ಕೂರಬಾರದು.

ಎಷ್ಟು ಬಾಕಿ ಇದೆ?

ಮರಳುವ ಯೋಚನೆಯ ಮೊದಲ ಹೆಜ್ಜೆ ಲೆಕ್ಕ. ಒಬ್ಬ ವಿದ್ಯಾರ್ಥಿ 45 ಕ್ರೆಡಿಟ್ ಓದಿ 1.6 ಜಿಪಿಎ ಪಡೆದಿದ್ದಾನೆ ಎನ್ನಿ. 45ನ್ನು 1.6ರಿಂದ ಗುಣಿಸಿದರೆ ಅವನ ಖಾತೆಯಲ್ಲಿ 72 ಅಂಕ. 2.0 ಆಗಬೇಕಿದ್ದರೆ 90 ಇರಬೇಕಿತ್ತು. ಅಂದರೆ 18 ಅಂಕ ಬಾಕಿ.

ಮುಂದೆ ಅವನು ತೆಗೆದುಕೊಳ್ಳುವ ಪ್ರತಿ ಕ್ರೆಡಿಟ್‌ನಲ್ಲಿ 'ಬಿ' ಬಂದರೆ ಬಾಕಿ ಒಂದೊಂದೇ ತೀರುತ್ತದೆ, 'ಎ' ಬಂದರೆ ಎರಡೆರಡು. 'ಸಿ' ಬಂದರೆ ಏನೂ ತೀರುವುದಿಲ್ಲ. ಎಲ್ಲ ವಿಷಯಗಳಲ್ಲೂ 'ಸಿ' ಪಡೆದು ಪಾಸಾಗುತ್ತಾ ಹೋದ ವಿದ್ಯಾರ್ಥಿಯ ಜಿಪಿಎ 2.0ರ ಸಮೀಪಕ್ಕೆ ಬರುತ್ತದೆಯೇ ಹೊರತು ಅದನ್ನು ಎಂದೂ ಮುಟ್ಟುವುದಿಲ್ಲ. ಪಾಸಾದರೆ ಸಾಕು ಎಂದುಕೊಂಡು ಮರಳಿದವರು ಮತ್ತೆ ಹೊರಬೀಳುವುದು ಇದೇ ಕಾರಣಕ್ಕೆ. ನಮ್ಮ ವಿದ್ಯಾರ್ಥಿಗೆ ಬೇಕಿರುವುದು 18 ಕ್ರೆಡಿಟ್‌ಗಳಷ್ಟು 'ಬಿ'. ಸೆಮಿಸ್ಟರಿಗೆ 12 ಕ್ರೆಡಿಟ್ ತೆಗೆದುಕೊಂಡರೆ ಅದು ಎರಡು ಸೆಮಿಸ್ಟರ್‌ಗಳ ಕೆಲಸ. ಹೀಗೆ ಎಣಿಸಿ ನೋಡಿದರೆ ಬೆಟ್ಟದಂತೆ ಕಂಡಿದ್ದು ಒಂದು ಅಳತೆಗೆ ಸಿಗುತ್ತದೆ.

ಫೇಲಾದ ವಿಷಯವನ್ನು ಮತ್ತೆ ಓದಿದರೆ ಹಳೆಯ ಗ್ರೇಡನ್ನು ಲೆಕ್ಕದಿಂದ ಬಿಡುವ ನಿಯಮ ಹಲವು ಕಡೆ ಇದೆ. ಅಲ್ಲಿ ಬಾಕಿ ಇನ್ನೂ ಬೇಗ ತೀರುತ್ತದೆ. ಕೆಲವು ವಿಶ್ವವಿದ್ಯಾಲಯಗಳು ವರ್ಷಗಟ್ಟಲೆ ಹೊರಗಿದ್ದು ಮರಳಿದವರ ಹಳೆಯ ಗ್ರೇಡುಗಳನ್ನೆಲ್ಲ ಬದಿಗಿಟ್ಟು ಹೊಸ ಲೆಕ್ಕ ತೆರೆಯುತ್ತವೆ. ಹಳೆಯವು ಟ್ರಾನ್‌ಸ್ಕ್ರಿಪ್ಟಿನಲ್ಲಿ ಉಳಿಯುತ್ತವೆ, ಜಿಪಿಎಗೆ ಸೇರುವುದಿಲ್ಲ. ಆ ಸೆಮಿಸ್ಟರಿನಲ್ಲಿ ಗಂಭೀರ ಕಾಯಿಲೆ ಇತ್ತೆಂದು ವೈದ್ಯಕೀಯ ದಾಖಲೆ ಕೊಟ್ಟರೆ, ಮುಗಿದ ಸೆಮಿಸ್ಟರನ್ನೂ ವಿದ್ಯಾರ್ಥಿ ಹಿಂತೆಗೆದುಕೊಂಡಂತೆ ದಾಖಲಿಸಿ 'ಎಫ್'ಗಳನ್ನು ತೆಗೆಯುವ ಅವಕಾಶವೂ ಅನೇಕ ಕಡೆ ಇದೆ. ಇದನ್ನು ತಾವಾಗಿ ಯಾರೂ ಹೇಳುವುದಿಲ್ಲ. ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಬೇಕು.

ಅಪೀಲು ಬೇರೆ, ಮರುಪ್ರವೇಶ ಬೇರೆ

ಈ ಎರಡನ್ನು ಬೆರೆಸಿಕೊಂಡು ಅವಕಾಶ ಕಳೆದುಕೊಳ್ಳುವವರಿದ್ದಾರೆ. ಅಪೀಲು ಎಂದರೆ ಹೊರಹಾಕಿದ ಆದೇಶವನ್ನೇ ಮರುಪರಿಶೀಲಿಸಿ ಎಂದು ಕೂಡಲೇ ಕೇಳುವುದು. ಇದರ ಗಡುವು ಬಹಳ ಚಿಕ್ಕದು, ಬಹುತೇಕ ಕೆಲವು ದಿನ ಅಥವಾ ಒಂದೆರಡು ವಾರ. ಮನೆಯಲ್ಲಿ ಸಾವು, ಆಸ್ಪತ್ರೆ ವಾಸ, ಗ್ರೇಡು ದಾಖಲಿಸುವಾಗ ಆದ ತಪ್ಪು, ಇಂಥ ಪುರಾವೆ ಕೈಯಲ್ಲಿದ್ದವರು ಅಪೀಲು ಹಾಕಬೇಕು.

ಮರುಪ್ರವೇಶವೆಂದರೆ ಆದೇಶವನ್ನು ಒಪ್ಪಿ, ನಿಗದಿತ ಕಾಲ ಹೊರಗಿದ್ದು, ಆಮೇಲೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕುವುದು. ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಕಾಯಬೇಕಾಗುತ್ತದೆ. ಕಾಯುವ ಈ ಕಾಲ ಶಿಕ್ಷೆಯಂತೆ ಕಂಡರೂ ಅರ್ಜಿಗೆ ಬೇಕಾದ ಸರಕು ಸಿಗುವುದು ಇಲ್ಲೇ. ಅಮೆರಿಕದ ಊರೂರಲ್ಲಿರುವ ಕಮ್ಯುನಿಟಿ ಕಾಲೇಜುಗಳಲ್ಲಿ ಕಡಿಮೆ ಶುಲ್ಕಕ್ಕೆ ಎರಡು ಮೂರು ವಿಷಯ ಓದಿ 'ಬಿ', 'ಎ' ತಂದು ತೋರಿಸುವುದು ಹಲವರು ಹಿಡಿದ ದಾರಿ. ಅಲ್ಲಿನ ಕ್ರೆಡಿಟ್ ಮೂಲ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು, ಗ್ರೇಡು ಮಾತ್ರ ಸಾಮಾನ್ಯವಾಗಿ ಹಳೆಯ ಜಿಪಿಎಗೆ ಸೇರುವುದಿಲ್ಲ. ಆದರೆ ಈ ವಿದ್ಯಾರ್ಥಿ ಈಗ ಓದಬಲ್ಲ ಎಂಬುದಕ್ಕೆ ಸಮಿತಿಯ ಮುಂದೆ ಅದಕ್ಕಿಂತ ಬಲವಾದ ಸಾಕ್ಷಿ ಇಲ್ಲ.

ಕೋರ್ಟಿನ ಬಾಗಿಲು, ಸಮಿತಿಯ ಬಾಗಿಲು

ಅನ್ಯಾಯವಾಯಿತು ಅನ್ನಿಸಿದವರಿಗೆ ಮೊದಲು ನೆನಪಾಗುವುದು ಕೋರ್ಟು. ಅಮೆರಿಕದ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಎರಡು ಬಾರಿ ಖಚಿತವಾಗಿ ಮಾತಾಡಿದೆ. ಮಿಸೌರಿ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಿಂದ ಹೊರಬಿದ್ದ ಹೊರೊವಿಟ್ಜ್ ಎಂಬ ವಿದ್ಯಾರ್ಥಿನಿಯ ಪ್ರಕರಣದಲ್ಲಿ 1978ರಲ್ಲಿ ತೀರ್ಪು ಬಂತು. ಹೊರಹಾಕುವ ಮುನ್ನ ಶಾಲೆ ಆಕೆಯನ್ನು 7 ವೈದ್ಯರ ಬಳಿ ಪರೀಕ್ಷೆಗೆ ಕಳಿಸಿತ್ತು. ನಿಗದಿತ ಸಮಯಕ್ಕೆ ಪದವಿ ಕೊಡಬಹುದು ಎಂದವರು ಅವರಲ್ಲಿ ಇಬ್ಬರೇ. ಓದಿನ ಗುಣಮಟ್ಟ ಅಳೆಯುವುದು ಅಧ್ಯಾಪಕರ ಕೆಲಸ, ಅದಕ್ಕೆ ಕೋರ್ಟಿನ ಮಾದರಿಯ ವಿಚಾರಣೆ ಬೇಕಿಲ್ಲ ಎಂದಿತು ನ್ಯಾಯಾಲಯ. ಮಿಷಿಗನ್ ವಿಶ್ವವಿದ್ಯಾಲಯದ ಯೂಯಿಂಗ್ ಎಂಬ ವಿದ್ಯಾರ್ಥಿ ಒಂದು ಮುಖ್ಯ ಪರೀಕ್ಷೆಯ 7 ವಿಷಯಗಳಲ್ಲಿ 5ರಲ್ಲಿ ಫೇಲಾಗಿ ಹೊರಬಿದ್ದ. ಬೇರೆಯವರಿಗೆ ಕೊಟ್ಟ ಮರುಪರೀಕ್ಷೆ ತನಗೇಕಿಲ್ಲ ಎಂದು ಅವನು ಕೇಳಿದ. 1985ರಲ್ಲಿ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ವಿಶ್ವವಿದ್ಯಾಲಯದ ಪರ ನಿಂತರು.

ನಮ್ಮ ದೇಶದಲ್ಲೂ ಇದಕ್ಕೆ ಹೋಲುವ ಪ್ರಸಂಗ ನಡೆದಿದೆ. 2015ರಲ್ಲಿ ಐಐಟಿ ರೂರ್ಕಿ ಮೊದಲ ವರ್ಷದಲ್ಲಿ 10ಕ್ಕೆ 5ರಷ್ಟೂ ಸಿಜಿಪಿಎ ಬಾರದ 70ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹೊರಹಾಕಿತು. ಮಕ್ಕಳು ಉತ್ತರಾಖಂಡ ಹೈಕೋರ್ಟಿಗೆ ಹೋದರು, ಕೋರ್ಟು ಅರ್ಜಿ ತಳ್ಳಿಹಾಕಿತು. ಅದಾದ ಮೇಲೆ ಸಂಸ್ಥೆಯೇ ಅವರ ಮನವಿಯನ್ನು ಕೇಳಿ, ಮೊದಲ ವರ್ಷವನ್ನೇ ಮತ್ತೆ ಓದಬೇಕೆಂಬ ಷರತ್ತಿನ ಮೇಲೆ ಅವಕಾಶ ಕೊಟ್ಟಿತು. ಕೋರ್ಟಿನಲ್ಲಿ ಸಿಗದ ದಾರಿ ಸಂಸ್ಥೆಯೊಳಗೆ ಸಿಕ್ಕಿತು. ಅದಕ್ಕೇ ಶಕ್ತಿಯನ್ನೆಲ್ಲ ಸಮಿತಿಗೆ ಬರೆಯುವ ಪತ್ರದ ಮೇಲೆ ಹಾಕುವುದು ಜಾಣತನ.

ಪತ್ರದಲ್ಲಿ ಏನಿರಬೇಕು

ಸಮಿತಿಯಲ್ಲಿ ಕೂತಿರುವವರು ಅಧ್ಯಾಪಕರು, ಅಡ್ವೈಸರುಗಳು. ಅವರು ಇಂಥ ಪತ್ರಗಳನ್ನು ರಾಶಿ ರಾಶಿ ಓದಿದವರು. ಅವರಿಗೆ ಬೇಕಿರುವುದು ಮೂರೇ ಉತ್ತರ: ಏನಾಯಿತು, ಈಗ ಏನು ಬದಲಾಗಿದೆ, ಬಂದ ಮೇಲೆ ಏನು ಮಾಡುತ್ತೀರಿ. ಎರಡನೆಯದರ ಮೇಲೇ ತೀರ್ಮಾನ ನಿಂತಿರುತ್ತದೆ.

ಸಾಮಾನ್ಯವಾಗಿ ಮಕ್ಕಳು ಬರೆಯುವುದು ಹೀಗೆ: "ನನಗೆ ವೈಯಕ್ತಿಕ ಸಮಸ್ಯೆಗಳಿದ್ದವು. ಇನ್ನು ಮುಂದೆ ಕಷ್ಟಪಟ್ಟು ಓದುತ್ತೇನೆಂದು ಭರವಸೆ ಕೊಡುತ್ತೇನೆ. ದಯವಿಟ್ಟು ಒಂದು ಅವಕಾಶ ಕೊಡಿ." ಇದರಲ್ಲಿ ಸುಳ್ಳಿಲ್ಲ, ಆದರೆ ಸಮಿತಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಅದೇ ವಿದ್ಯಾರ್ಥಿ ಹೀಗೆ ಬರೆಯಬಹುದು:

"ಅಕ್ಟೋಬರ್‌ನ ಮಿಡ್‌ಟರ್ಮ್‌ನಲ್ಲಿ ಕ್ಯಾಲ್ಕುಲಸ್ ಫೇಲಾದ ಮೇಲೆ ನಾನು ಆ ತರಗತಿಗೆ ಹೋಗುವುದನ್ನೇ ಬಿಟ್ಟೆ. ನಾಚಿಕೆಯಿಂದ ಅಡ್ವೈಸರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ನವೆಂಬರ್ ಹೊತ್ತಿಗೆ ಉಳಿದ ವಿಷಯಗಳೂ ಕೈತಪ್ಪಿದವು. ಫೆಬ್ರವರಿಯಿಂದ ಆಪ್ತಸಮಾಲೋಚಕರನ್ನು ಪ್ರತಿ ವಾರ ಕಾಣುತ್ತಿದ್ದೇನೆ. ಅವರ ಪತ್ರ ಲಗತ್ತಿಸಿದೆ. ಕಮ್ಯುನಿಟಿ ಕಾಲೇಜಿನಲ್ಲಿ ಕ್ಯಾಲ್ಕುಲಸ್ ಮತ್ತೆ ಓದಿ 'ಬಿ' ಪಡೆದಿದ್ದೇನೆ. ಮರಳಿದರೆ ಮೊದಲ ಸೆಮಿಸ್ಟರಿನಲ್ಲಿ 12 ಕ್ರೆಡಿಟ್ ಮಾತ್ರ ತೆಗೆದುಕೊಳ್ಳುತ್ತೇನೆ, ಯಾವ ವಿಷಯಗಳೆಂದು ಪಟ್ಟಿ ಕೊಟ್ಟಿದ್ದೇನೆ."

ಎರಡನೆಯ ಪತ್ರ ದಯೆ ಕೇಳುವುದಿಲ್ಲ. ಎಲ್ಲಿ ಎಡವಿದೆ ಎಂಬುದು ಇದನ್ನು ಬರೆದವನಿಗೆ ಗೊತ್ತಿದೆ. ಪ್ರತಿ ಮಾತಿಗೂ ಒಂದು ಕಾಗದ ಜೊತೆಗಿದೆ. ಪ್ರಾಧ್ಯಾಪಕರನ್ನಾಗಲಿ ರೂಮ್‌ಮೇಟನ್ನಾಗಲಿ ದೂರುವುದಿಲ್ಲ. ಪತ್ರ ಒಂದೆರಡು ಪುಟ ಮೀರಬಾರದು, ಮತ್ತು ಅದನ್ನು ವಿದ್ಯಾರ್ಥಿಯೇ ಬರೆದಿರಬೇಕು. ಅಪ್ಪ ಬರೆದುಕೊಟ್ಟಿದ್ದು, ದುಡ್ಡು ಕೊಟ್ಟು ಬರೆಸಿದ್ದು ಓದುವವರಿಗೆ ತಿಳಿದುಬಿಡುತ್ತದೆ.

ವೀಸಾ ಇರುವವರು ಗಮನಿಸಬೇಕಾದ್ದು

ಎಫ್-1 ವೀಸಾದ ಮೇಲೆ ಓದುವ ನಮ್ಮ ಮಕ್ಕಳಿಗೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಪದವಿ ಮುಗಿಸಿದವರಿಗೆ ದೇಶ ಬಿಡಲು 60 ದಿನ, ಮೊದಲೇ ಅನುಮತಿ ಪಡೆದು ಓದು ನಿಲ್ಲಿಸಿದವರಿಗೆ 15 ದಿನ ಕಾಲಾವಕಾಶವಿದೆ. ಡಿಸ್‌ಮಿಸಲ್ ಆಗಿ ಸೇವಿಸ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿರುವ ದಾಖಲೆ ರದ್ದಾದರೆ ಅಂಥ ಅವಕಾಶ ಇಲ್ಲ. ಆದ್ದರಿಂದ ಪತ್ರದ ಸುಳಿವು ಸಿಕ್ಕ ಕೂಡಲೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿಯನ್ನು ಕಾಣಬೇಕು. ದಾಖಲೆ ರದ್ದಾಗುವ ಮುನ್ನ ಅದನ್ನು ಬೇರೆ ಕಾಲೇಜಿಗೆ, ಕಮ್ಯುನಿಟಿ ಕಾಲೇಜಿಗೂ, ವರ್ಗಾಯಿಸಿಕೊಳ್ಳಲು ಸಾಧ್ಯವಾಗಬಹುದು. ರದ್ದಾಗಿ ಊರಿಗೆ ಬಂದವರು ಮರುಪ್ರವೇಶ ಸಿಕ್ಕಾಗ ವಿಶ್ವವಿದ್ಯಾಲಯ ಕೊಡುವ ಹೊಸ ಐ-20 ಪತ್ರ ಪಡೆದು, ಸೇವಿಸ್ ಶುಲ್ಕ ಮತ್ತೆ ಕಟ್ಟಿ, ಅಗತ್ಯವಿದ್ದರೆ ಹೊಸ ವೀಸಾಕ್ಕೂ ಹೋಗಬೇಕಾಗುತ್ತದೆ. ಹೊರೆ ಕಡಿಮೆ ಮಾಡಿಕೊಳ್ಳಿ ಎಂದು ಸಮಿತಿ ಹೇಳಿದರೂ ಪದವಿ ವಿದ್ಯಾರ್ಥಿ ಸೆಮಿಸ್ಟರಿಗೆ 12 ಕ್ರೆಡಿಟ್‌ಗಿಂತ ಕೆಳಗಿಳಿಯಬೇಕಾದರೆ ಅದೇ ಅಧಿಕಾರಿಯ ಒಪ್ಪಿಗೆ ಮೊದಲು ಬೇಕು.

ಮನೆಯವರಿಗೆ ಒಂದು ಮಾತು

ಅಮೆರಿಕದಲ್ಲಿ 1974ರಿಂದ ಜಾರಿಯಲ್ಲಿರುವ ಒಂದು ಕಾನೂನಿನ ಪ್ರಕಾರ ಕಾಲೇಜು ಸೇರಿದವರ ಅಂಕಪಟ್ಟಿಯ ಮೇಲಿನ ಹಕ್ಕು ವಿದ್ಯಾರ್ಥಿಯದೇ. ಫೀಸು ಕಟ್ಟುವ ಅಪ್ಪ ದಾವಣಗೆರೆಯಿಂದ ಫೋನ್ ಮಾಡಿ ಕೇಳಿದರೂ ಕಚೇರಿ ಸಾಮಾನ್ಯವಾಗಿ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಏನೂ ಹೇಳುವುದಿಲ್ಲ. ಹಾಗಾಗಿ ಮನೆಯವರಿಗೆ ವಿಷಯ ತಿಳಿಯುವುದು ಮಗ ಅಥವಾ ಮಗಳು ಬಾಯಿಬಿಟ್ಟಾಗ ಮಾತ್ರ. ಸಾಲದ ಹೊರೆ, ನೆಂಟರ ಮಾತು, "ಅಷ್ಟು ದುಡ್ಡು ಸುರಿದೆವಲ್ಲ" ಎಂಬ ನಿಟ್ಟುಸಿರು, ಇವನ್ನೆಲ್ಲ ನೆನೆದು ಮಕ್ಕಳು ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಅಪೀಲಿನ ಗಡುವು ಆ ಮೌನದಲ್ಲೇ ಕಳೆದುಹೋಗುತ್ತದೆ.

ಹೇಳಿದ ದಿನ ಬೈದು ಫೋನಿಡಬೇಡಿ. "ಊಟ ಮಾಡಿದ್ಯಾ? ಪತ್ರದಲ್ಲಿ ಯಾವ ತಾರೀಖು ಇದೆ ಓದು" ಎಂದು ಕೇಳಿ. ತಾರೀಖು ಉಳಿದರೆ ಉಳಿದದ್ದೆಲ್ಲ ಮಾತಾಡಲು ಸಮಯ ಸಿಗುತ್ತದೆ. ಮಗುವಿನ ಮಾತಿನಲ್ಲಿ ಬದುಕಿನ ಬಗ್ಗೆಯೇ ಹತಾಶೆ ಕೇಳಿಸಿದರೆ ಅರ್ಜಿಯನ್ನು ಬದಿಗಿಟ್ಟು ಮೊದಲು ಅಲ್ಲಿನ ಸ್ನೇಹಿತರನ್ನೋ ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರದವರನ್ನೋ ಮಗುವಿನ ಬಳಿಗೆ ಕಳಿಸಿ.

ಮರಳಿದ ಮೇಲೆ

ಮರುಪ್ರವೇಶ ಸಿಕ್ಕಿತೆಂದರೆ ನಿಗಾ ಅವಧಿ ಮತ್ತೆ ಶುರು. ಇಂತಿಷ್ಟು ಜಿಪಿಎ ಬರಲೇಬೇಕು, ಅಡ್ವೈಸರನ್ನು ಆಗಾಗ ಕಾಣಬೇಕು ಎಂಬ ಷರತ್ತುಗಳಿರುತ್ತವೆ. ಎರಡನೇ ಬಾರಿ ಹೊರಬಿದ್ದವರಿಗೆ ಅವಕಾಶ ಬಹಳ ವಿರಳ. ಅದಕ್ಕೇ ನಾನು ಹೇಳುವುದು: ನಿಜವಾಗಿ ಏನೂ ಬದಲಾಗಿಲ್ಲ ಅನ್ನಿಸಿದರೆ ಅರ್ಜಿಯನ್ನು ಇನ್ನೊಂದು ಸೆಮಿಸ್ಟರ್ ಮುಂದಕ್ಕೆ ಹಾಕಿ. ಅರ್ಜಿ ತಿರಸ್ಕೃತವಾದರೂ ದಾರಿಗಳಿವೆ. ಬೇರೆ ವಿಶ್ವವಿದ್ಯಾಲಯ ಕ್ರೆಡಿಟ್ ಒಪ್ಪಬಹುದು, ವಿಷಯ ಬದಲಿಸಬಹುದು. ಭಾರತದಲ್ಲಿ ಓದುವವರಿಗೆ ಯುಜಿಸಿ 2021ರಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಇದೆ. ಅದರಲ್ಲಿ ಗಳಿಸಿಟ್ಟ ಕ್ರೆಡಿಟ್‌ಗೆ ಗರಿಷ್ಠ 7 ವರ್ಷ ಬೆಲೆ ಇರುವುದರಿಂದ ಬಿಟ್ಟ ಓದನ್ನು ಮತ್ತೆ ಹಿಡಿಯಲು ಸಾಧ್ಯ.

ಹತ್ತೊಂಬತ್ತರ ಹರೆಯದಲ್ಲಿ, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ ಒಂದು ವರ್ಷ ಕೆಟ್ಟಿತು ಎಂಬ ಕಾರಣಕ್ಕೆ ಒಬ್ಬರ ಓದು ಅಲ್ಲಿಗೇ ನಿಲ್ಲಬಾರದು. ಮರುಪ್ರವೇಶದ ನಿಯಮ ಬರೆದವರೂ ಇದನ್ನು ಒಪ್ಪಿದವರೇ. ಆ ನಿಯಮ ಯಾರ ಪಾಲಿಗೆ ಇದೆಯೋ ಅವರು ಗಡುವಿನೊಳಗೆ, ಸತ್ಯ ಬರೆದು, ಪುರಾವೆ ಇಟ್ಟು ಅದನ್ನು ಬಳಸಿಕೊಳ್ಳಬೇಕು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.