ಬಿಡಿಯ ಶುದ್ಧಿ, ಇಡಿಯ ದೋಷ: ‘ಪಿಂಗ್ ಆಫ್ ಡೆತ್’ ವಿಚಾರ

ಚೆದರಿದ ಓಲೆಗರಿಗಳನ್ನು ಅಂಕಗಳ ಆಧಾರದಿಂದ ಕ್ರಮಗೊಳಿಸುವ ಕಾರ್ಯವು ಗ್ರಂಥಸಂಪಾದಕರಿಗೆ ಪರಿಚಿತವಾದುದೇ. ಅಂತಹುದೇ ಕಾರ್ಯವೊಂದನ್ನು ಗಣಕಯಂತ್ರದ ಆಪರೇಟಿಂಗ್ ಸಿಸ್ಟಂ ಸಹ ನಡೆಯಿಸುತ್ತದೆ. ಅದರಲ್ಲಿ ಅಡಗಿದ್ದು 1996ರಲ್ಲಿ ಪ್ರಸಿದ್ಧಿಗೆ ಬಂದ ದೋಷವೊಂದರ ಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ಇಂಟರ್‌ನೆಟ್ಟಿನಲ್ಲಿ ಸಂದೇಶಗಳು ಪ್ಯಾಕೆಟ್ಟುಗಳೆಂಬ ಕಟ್ಟುಗಳಾಗಿ ಸಂಚರಿಸುತ್ತವೆ. 1981ರಲ್ಲಿ ಪ್ರಕಟವಾದ ಐಪಿ ನಿಯಮಾವಳಿಯಂತೆ ಪ್ಯಾಕೆಟ್ಟಿನ ಒಟ್ಟು ಉದ್ದವನ್ನು 16 ಬಿಟ್ಟುಗಳಲ್ಲಿ ಬರೆಯತಕ್ಕದ್ದು. ಆದುದರಿಂದ ಅದರ ಪರಮಾವಧಿ 65,535 ಬೈಟುಗಳು. ಮಾರ್ಗವು ಅಷ್ಟನ್ನು ಒಮ್ಮೆಗೇ ಹೊರಲಾರದಿದ್ದರೆ ಕಟ್ಟನ್ನು ತುಂಡುಗಳಾಗಿ ಒಡೆಯುವುದುಂಟು. ಮೂಲದಲ್ಲಿ ಆ ತುಂಡಿಗಿದ್ದ ಸ್ಥಾನವನ್ನು 13 ಬಿಟ್ಟುಗಳ ಅಂಕವೊಂದು, ಎಂಟೆಂಟು ಬೈಟುಗಳ ಲೆಕ್ಕದಲ್ಲಿ, ಸೂಚಿಸುತ್ತದೆ. ಈ ಅಂಕದ ಗರಿಷ್ಠ ಬೆಲೆ 8,191. ಎಂಟರಿಂದ ಗುಣಿಸಲು 65,528. ಅಲ್ಲಿಂದ ಪರಮಾವಧಿಗೆ ಉಳಿಯುವುದು 7 ಬೈಟುಗಳು ಮಾತ್ರ.

ಹೀಗಿರಲು, ಆ ಸ್ಥಾನಾಂಕವನ್ನು ಹೊತ್ತ ಕೊನೆಯ ತುಂಡು ನೂರಾರು ಬೈಟುಗಳಷ್ಟಿದ್ದರೆ ಗತಿಯೇನು? ತುಂಡಿನ ಉದ್ದವೂ ನಿಯಮಬದ್ಧ, ಸ್ಥಾನಾಂಕವೂ ನಿಯಮಬದ್ಧ; ಇವೆರಡರ ಮೊತ್ತ ಮಾತ್ರ ಎಲ್ಲೆ ಮೀರಿದ್ದು. ಅಂದಿನ ಅನೇಕ ಸಿಸ್ಟಂಗಳು ಈ ಮೊತ್ತವನ್ನು ಪರೀಕ್ಷಿಸದೆಯೇ ತುಂಡುಗಳನ್ನು ಜೋಡಿಸುತ್ತಿದ್ದುವು. ಅವುಗಳ ರಚನೆಗೆ ಬಳಕೆಯಾದ ‘ಸಿ’ ಭಾಷೆಯಾದರೋ ಎಲ್ಲೆಯನ್ನು ತಾನಾಗಿ ಕಾಯತಕ್ಕದ್ದಲ್ಲ. ಆದಕಾರಣ ಹೆಚ್ಚಿನ ಬೈಟುಗಳು ಗೊತ್ತಾದ ಸ್ಥಳವನ್ನು ದಾಟಿ, ಮೆಮೊರಿಯಲ್ಲಿ ನೆರೆಯಲ್ಲಿದ್ದ ಅನ್ಯವಿಷಯದ ಮೇಲೆ ಲಿಖಿತವಾಗುವುದಕ್ಕೆ ಆಸ್ಪದವಾಯಿತು. ಫಲವಾಗಿ ಯಂತ್ರವೇ ಸ್ತಬ್ಧವಾಗುತ್ತಿದ್ದಿತು.

ದೂರದ ಯಂತ್ರವು ಎಚ್ಚತ್ತಿದೆಯೇ ಎಂದು ವಿಚಾರಿಸುವುದಕ್ಕಾಗಿ 1983ರಲ್ಲಿ ಮೈಕ್ ಮೂಸ್ ಎಂಬವರು ರಚಿಸಿದ ‘ಪಿಂಗ್’ ಎಂಬ ಸಾಧು ಉಪಕರಣವೇ ಇದಕ್ಕೆ ವಾಹಕವಾಯಿತು. ಈ ಜೋಡಣೆ ನಡೆಯುವುದು ಸಿಸ್ಟಂನ ಗರ್ಭಗೃಹದಂತಿರುವ ಕರ್ನೆಲ್ಲಿನಲ್ಲಿ. ಬಂದವನು ಯಾರೆಂದು ಪಾಸ್‌ವರ್ಡ್ ಕೇಳುವುದಕ್ಕೆ ಮೊದಲೇ. ಅಪಾಯದ ಗೌರವವೆಲ್ಲವೂ ಇದರಲ್ಲಿಯೇ ಇದೆ: ಅಪರಿಚಿತನು ಬಾಗಿಲನ್ನು ಒಡೆಯಬೇಕಾಗಿಲ್ಲ, ತಟ್ಟಿದರೆ ಸಾಕು.

ಪರಿಹಾರವು ಅಲ್ಪವಾದುದು: ಬರೆಯುವ ಮುನ್ನ ಸ್ಥಾನವನ್ನೂ ಉದ್ದವನ್ನೂ ಕೂಡಿ ನೋಡುವುದು. ಅದನ್ನು ಆಗಲೇ ಅಳವಡಿಸಿದರು. ಆದರೂ ದೋಷದ ಕುಲವು ಅಳಿಯಲಿಲ್ಲ. 2020ರಲ್ಲಿ ವಿಂಡೋಸ್ ಸಿಸ್ಟಂನ ಐಪಿ ಆರನೆಯ ಆವೃತ್ತಿಯ ಭಾಗದಲ್ಲಿ, ಬಂದ ಸಂದೇಶವು ತನ್ನ ಉದ್ದವನ್ನು ತಪ್ಪಾಗಿ ಹೇಳಿಕೊಂಡುದನ್ನು ಸರಿಯಾಗಿ ಪರೀಕ್ಷಿಸದಿದ್ದುದರಿಂದ ಮೆಮೊರಿ ಕೆಡುವ ದೋಷವು ಕಂಡುಬಂದಿತು.

ಗರಿಗಳೆಲ್ಲವೂ ಶುದ್ಧವೆಂದ ಮಾತ್ರಕ್ಕೆ ಗ್ರಂಥವು ಶುದ್ಧವೆನಿಸದು. ಗರಿಯ ಅಂಕವನ್ನು ಬರೆದವನು ಯಾರೆಂದು ತಿಳಿಯದ ಕಡೆ, ಕೂಡಿಸಿ ನೋಡುವ ಭಾರವು ಓದುವವನದೇ.