ಗಾಳಿಕೋವಿಯೂ ಗುಬ್ಬಚ್ಚಿಯೂ

ಬೇಸಗೆಯ ರಜೆ ಬಂದಿತೆಂದರೆ ಹನ್ನೆರಡು ಹದಿಮೂರು ವರ್ಷದ ಹುಡುಗರಿರುವ ಮನೆಗಳಲ್ಲಿ ಒಂದು ಬೇಡಿಕೆ ತಲೆಯೆತ್ತುವುದುಂಟು: “ಅಪ್ಪಾ, ನನಗೊಂದು ಏರ್‌ಗನ್ ಕೊಡಿಸು.” ತಂದೆಗೂ ಒಳಗೊಳಗೇ ಆಸೆ. ಮಾಳಿಗೆಯನ್ನು ಹೊಲಸು ಮಾಡುವ ಪಾರಿವಾಳ, ಅಟ್ಟದಲ್ಲಿ ಸಂಸಾರ ಹೂಡಿರುವ ಇಲಿ, ಒಣಹಾಕಿದ ಹಪ್ಪಳಕ್ಕೆ ಹೊಂಚುವ ಕಾಗೆ, ಇವಕ್ಕೆಲ್ಲ ಒಂದೇ ಮದ್ದು ದೊರೆತೀತೆಂಬ ಎಣಿಕೆ. ತಾಯಿ ಮಾತ್ರ “ಪಕ್ಕದ ಮನೆಯವರ ಕಿಟಕಿಯ ಗಾಜು ಒಡೆದರೆ?” ಎಂದು ಕೇಳುತ್ತಾಳೆ. ಮೂವರ ಮಾತಿನಲ್ಲಿ ಆಕೆಯದೇ ಹೆಚ್ಚು ತೂಕದ ಮಾತು. ಆದರೆ ಪ್ರಶ್ನೆ ಗಾಜಿನಲ್ಲಿಯೇ ನಿಲ್ಲತಕ್ಕದ್ದಲ್ಲ.

ಗಾಳಿಕೋವಿಯನ್ನು ಆಟಿಕೆಯೆಂದು ಭಾವಿಸುವವರು ಅದರ ಚರಿತ್ರೆಯನ್ನು ಕೇಳಬೇಕು. ಆಸ್ಟ್ರಿಯದ ಸೈನ್ಯವು 1780ರಲ್ಲಿ ಜಿರಾಂಡೋನಿಯೆಂಬ ಗಾಳಿಕೋವಿಯನ್ನು ಯುದ್ಧಕ್ಕಾಗಿಯೇ ಅಂಗೀಕರಿಸಿತ್ತು. ನಮ್ಮ ಅಂಗಡಿಗಳಲ್ಲಿ ಸಿಕ್ಕುವುದು ಅದಕ್ಕಿಂತ ಸಾಧುವಾದದ್ದು, ನಿಜ. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಒಳಗಿನ ಉಕ್ಕಿನ ಸ್ಪ್ರಿಂಗು ಅದುಮಿಕೊಳ್ಳುತ್ತದೆ; ಕುದುರೆಯನ್ನು ಎಳೆದೊಡನೆ ಅದು ನೆಗೆದು ಗಾಳಿಯನ್ನು ಹಿಂಡುತ್ತದೆ; ಆ ಗಾಳಿ ಸೀಸದ ಚರೆಯನ್ನು ಹೊರಕ್ಕೆ ತಳ್ಳುತ್ತದೆ. ಚರೆಯ ಆಕಾರ ನಮ್ಮ ಬುಡುಬುಡಿಕೆಯವನ ಕೈಯ ವಾದ್ಯದಂತೆ ನಡುವೆ ಸಣ್ಣ. ತೂಕ ಸುಮಾರು ಅರ್ಧ ಗ್ರಾಂ. ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೌಲ್. ಗೋಡೆಗೆ ಬಡಿದು ಹಿಂದಿರುಗಿದ ಚರೆಗೂ ಕಣ್ಣು ಕಳೆಯುವಷ್ಟು ಕಸುವು ಇರಬಲ್ಲದು. ಹೀಗಿರುವಾಗ ಗಾಜಿನ ಮಾತೇಕೆ?

ಪಾಯಿಂಟ್ ಟೂಟೂ ಎಂದು ಕರೆಯುವ ರೈಫಲ್ಲಿನ ಜಾತಿಯೇ ಬೇರೆ. ಅದರ ತೋಟಾದಲ್ಲಿ ಸಿಡಿಮದ್ದು ಬುಡದ ಅಂಚಿನ ಸುತ್ತ ಇರುವುದರಿಂದ ಕೋವಿಯ ಮೊಳೆ ಅಂಚಿಗೇ ಬಡಿಯುತ್ತದೆ. ಎರಡೂವರೆ ಗ್ರಾಮಿನ ಆ ಗುಂಡಿನ ಶಕ್ತಿ ಗಾಳಿಕೋವಿಯದಕ್ಕಿಂತ ಹತ್ತುಪಟ್ಟಿಗೂ ಮಿಕ್ಕದ್ದು. ಮೊಲ, ಕೌಜುಗಗಳಿಗೆಂದು ಹಾರಿಸಿದ ಗುಂಡು ಗುರಿ ತಪ್ಪಿದರೆ ಒಂದು ಮೈಲಿಯಾಚೆಯೂ ಅಪಾಯಕಾರಿ. ಯಶವಂತಪುರದ ರೈಲ್ವೆ ನಿಲ್ದಾಣದಿಂದ ಒಂದು ಮೈಲಿಯ ಸುತ್ತಳತೆಯಲ್ಲಿ ಎಷ್ಟು ಸಂಸಾರಗಳಿವೆಯೆಂದು ವಾಚಕರೇ ಊಹಿಸಿಕೊಳ್ಳಲಿ.

ಹಿಂದೆ ಹಾಗಿರಲಿಲ್ಲ. ಯಶವಂತಪುರ, ಮತ್ತಿಕೆರೆ, ಜಾಲಹಳ್ಳಿ, ಹೆಬ್ಬಾಳ ಇವೆಲ್ಲ ಬೇರೆ ಬೇರೆ ಹಳ್ಳಿಗಳಾಗಿದ್ದು, ನಡುವೆ ರಾಗಿಯ ಹೊಲ, ತೋಪು, ಕೆರೆಯಂಗಳಗಳಿದ್ದ ಕಾಲವೊಂದಿತ್ತು. ಆಗ ಕೋವಿ ಹಿಡಿದವನಿಗೆ ಬಯಲಿಗೆ ಕೊರತೆಯಿರಲಿಲ್ಲ. ಆದರೆ ಕಟ್ಟುಪಾಡು ಇರಲೇ ಇಲ್ಲವೆಂದು ತಿಳಿಯಬಾರದು. ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ ಮೈಸೂರು ಸಂಸ್ಥಾನ 1901ರಲ್ಲಿಯೇ ಶಾಸನ ಮಾಡಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕವಂತೂ ಸಣ್ಣ ಬೇಟೆಯ ಹವ್ಯಾಸಕ್ಕೆ ನಮ್ಮಲ್ಲಿ ಎಡೆಯಿಲ್ಲದಾಯಿತು. ಬಲೆಯೊಡ್ಡಿ, ಹಕ್ಕಿಯ ದನಿಯನ್ನೇ ಅನುಕರಿಸಿ ಕೌಜುಗ, ಬುರ್ಲಿಗಳನ್ನು ಹಿಡಿಯುತ್ತಿದ್ದ ಹಕ್ಕಿಪಿಕ್ಕಿಗಳು ಹೊಟ್ಟೆಪಾಡಿನ ಕಸುಬನ್ನೇ ಬಿಡಬೇಕಾಯಿತು. ಅಷ್ಟು ದೊಡ್ಡ ಬೆಲೆಯನ್ನು ಬಡವರು ತೆತ್ತಿರುವಾಗ, ಪಟ್ಟಣದ ಹುಡುಗ ಮೋಜಿಗಾಗಿ ಕೌಜುಗಕ್ಕೆ ಗುರಿಯಿಡುವುದನ್ನು ಒಪ್ಪುವುದೆಂತು?

ಕಾಯಿದೆಯ ವಿಷಯದಲ್ಲಿ ಒಂದು ಭ್ರಾಂತಿ ವ್ಯಾಪಕವಾಗಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರಿಗಿಂತ ದೊಡ್ಡದಲ್ಲದ, 20 ಜೌಲಿಗಿಂತ ಹೆಚ್ಚು ಶಕ್ತಿಯಿಲ್ಲದ ಗಾಳಿಕೋವಿಗೆ ಲೈಸೆನ್ಸು ಬೇಡ. ಪಾಯಿಂಟ್ ಟೂಟೂ ರೈಫಲ್ಲಿಗೆ ಬೇಕೇಬೇಕು. ಲೈಸೆನ್ಸು ಬೇಡವೆಂದೊಡನೆ ಹಕ್ಕಿಗೆ ಹೊಡೆಯಬಹುದೆಂದು ಅರ್ಥಮಾಡಿಕೊಳ್ಳುವವರಿದ್ದಾರೆ. ವನ್ಯಜೀವಿ ಕಾಯಿದೆಯು ಬೇಟೆಯೆಂಬ ಮಾತಿಗೆ ಕೊಲ್ಲುವುದೆಂಬ ಅರ್ಥವನ್ನಷ್ಟೇ ಕೊಟ್ಟಿಲ್ಲ; ಗಾಯಗೊಳಿಸುವುದು, ಹಿಡಿಯುವುದು, ಗೂಡು ಮೊಟ್ಟೆಗಳನ್ನು ಕೆಡಿಸುವುದು, ಕೊಲ್ಲಲು ಯತ್ನಿಸುವುದು, ಎಲ್ಲವೂ ಅದರಲ್ಲಿ ಸೇರಿವೆ. ಕಾಗೆ, ಬಾವಲಿ, ಇಲಿಗಳನ್ನು ಪೀಡೆಗಳೆಂದು ಹೆಸರಿಸಿದ್ದ ಪಟ್ಟಿಯೊಂದು ಮೊದಲು ಇತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿದೆ. “ಕಾಗೆ ತಾನೆ, ಹೊಡೆದರೇನು?” ಎಂಬ ಹಳೆಯ ಧೈರ್ಯಕ್ಕೆ ಈಗ ಆಧಾರವಿಲ್ಲ.

ಮುಸ್ಸಂಜೆಯಲ್ಲಿ ಮರದ ಮೇಲೆ ಎರಡು ಕಣ್ಣು ಹೊಳೆದವೆಂದು ಚರೆ ಹಾರಿಸಿದವನು ಏನನ್ನು ಹೊಡೆದಾನು? ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲಿ ಕಾಡುಪಾಪಗಳು ವಾಸಿಸುತ್ತವೆ. ಅಂಗೈಯಗಲದ ಮೈ, ತಟ್ಟೆಗಣ್ಣು, ಕಡ್ಡಿಯಂಥ ಕೈಕಾಲು. ಅದು ಮೊದಲನೆಯ ಅನುಸೂಚಿಯ ಪ್ರಾಣಿ. ಕೊಂದವನಿಗೆ ಕನಿಷ್ಠ 3 ವರ್ಷಗಳ ಸೆರೆ.

ಪೀಡೆಯ ನಿವಾರಣೆಗಾದರೂ ಕೋವಿ ನೆರವಾದೀತೇ? ಯಶವಂತಪುರವು ಧಾನ್ಯ, ಈರುಳ್ಳಿ, ಆಲೂಗಡ್ಡೆಗಳ ಮಂಡಿಗಳಿಗೆ ಹೆಸರಾದ ಸ್ಥಳ. ಮೂಟೆಯಿದ್ದೆಡೆ ಹೆಗ್ಗಣವಿರುವುದು ಲೋಕರೂಢಿ. ಕಾನೂನು ಹಾಗಿರಲಿ, ಇಲ್ಲಿ ಲೆಕ್ಕವೇ ಹೊಂದುವುದಿಲ್ಲ. ಇಲಿ ಗಬ್ಬವಾಗಿ ಮರಿಯಿಡಲು ಸುಮಾರು ಮೂರು ವಾರ ಸಾಕು. ಸೂಲಿಗೆ ಆರೇಳು ಮರಿ. ರಾತ್ರಿಯೆಲ್ಲ ಕಾದು ಎರಡನ್ನು ಹೊಡೆದ ಶೂರನು ಬೆಳಗಾಗುವುದರೊಳಗೆ ಸೋತಿರುತ್ತಾನೆ. ಮೂಟೆಗೆ ಹೊಕ್ಕ ಸೀಸದ ಚರೆ ಯಾರ ಅನ್ನದ ತಟ್ಟೆಯನ್ನು ಸೇರುವುದೋ ತಿಳಿಯದು. ಬಿಲ ಮುಚ್ಚುವುದು, ಚೆಲ್ಲಿದ ಕಾಳನ್ನು ಗುಡಿಸುವುದು, ಬೋನು ಇಡುವುದು, ಇವು ವೀರರಸಕ್ಕೆ ಒದಗದಿದ್ದರೂ ಕೆಲಸಕ್ಕೆ ಒದಗುತ್ತವೆ. ಅಪಶಕುನವೆಂದು ನಾವು ಅಟ್ಟುವ ಕಣಜಗೂಬೆಯ ಮುಖ್ಯ ಆಹಾರವೇ ಇಲಿ. ಅದರ ಮೇಲೆಯೇ ಗಾಳಿಕೋವಿಯ ಗುರಿ ತಿರುಗಿದರೆ ಹೆಗ್ಗಣಗಳ ಪಾಲಿಗೆ ಹಬ್ಬ.

ಮಲೆನಾಡಿನ ಅಡಕೆ ಬಾಳೆಯ ತೋಟದವರ ಸಂಕಟವನ್ನು ಇದರೊಡನೆ ಬೆರೆಸಲಾಗದು. ಕೋತಿಯ ಹಿಂಡು ಅರ್ಧ ಗಂಟೆಯಲ್ಲಿ ವರ್ಷದ ಗಂಜಿಯನ್ನು ಕಿತ್ತೆಸೆದಾಗ ರೈತನಿಗೆ ದಯೆಯ ಉಪದೇಶ ಮಾಡುವುದು ಪಟ್ಟಣಿಗರಿಗೆ ಸುಲಭ. ಆದರೂ ಗಾಯಗೊಂಡ ಕೋತಿಯಿಂದ ತೋಟ ಉಳಿದೀತೆಂದು ನನಗೆ ತೋರದು.

ಇನ್ನು ಗುಬ್ಬಚ್ಚಿಯ ಕಥೆ. ಮುಂಬಯಿಯ ಸಲೀಂ ಅಲಿ ಎಂಬ ಬಾಲಕನಿಗೂ ಒಂದು ಗಾಳಿಕೋವಿಯಿತ್ತು. ಅವನು ಹೊಡೆದುರುಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿಯ ಮಚ್ಚೆ ಕಂಡಿತು. ಅದಾವ ಹಕ್ಕಿಯೆಂಬ ಕುತೂಹಲದಿಂದ ಮಾವನನ್ನು ಕೇಳಿದ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬವರ ಬಳಿಗೆ ಕಳುಹಿಸಿದರು. ಆ ದೊರೆ ಹುಡುಗನನ್ನು ಗದರಿಸಲಿಲ್ಲ. ಅಲ್ಲಿದ್ದ ಹಕ್ಕಿಗಳ ಸಂಗ್ರಹವನ್ನು ತೋರಿಸಿದರು. ಮುಂದೆ ಅದೇ ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. 1985ರಲ್ಲಿ ಹೊರಬಂದ ತಮ್ಮ ಆತ್ಮಕಥೆಗೆ ಆ ಗುಬ್ಬಚ್ಚಿಯ ಹೆಸರನ್ನೇ ಇಟ್ಟರು. ಎಲ್ಲ ಹುಡುಗರಿಗೂ ಒಬ್ಬ ಮಿಲ್ಲಾರ್ಡ್ ದೊರೆಯುವುದಿಲ್ಲ, ಅದೇ ತೊಡಕು. ಇಂದು ಅದೇ ಕುತೂಹಲಕ್ಕೆ ಒಂದು ದುರ್ಬೀನು ಸಾಕು. ಮತ್ತಿಕೆರೆಯ ಜಯಪ್ರಕಾಶ ನಾರಾಯಣ ಉದ್ಯಾನದ ನೀರಂಚು ಹತ್ತಿರದಲ್ಲೇ ಇದೆ.

ಗುರಿ ಹಿಡಿಯುವ ಹಂಬಲವೇ ಪ್ರಬಲವಾಗಿದ್ದರೆ ಅದಕ್ಕೂ ದಾರಿಯಿದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗಾಳಿ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಅಭಿನವ್ ಬಿಂದ್ರಾ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಗಾಳಿ ರೈಫಲ್ಲಿನಿಂದಲೇ ಚಿನ್ನ ತಂದರು. ರೈಫಲ್ ಸ್ಪರ್ಧೆಯಲ್ಲಿ 10 ಮೀಟರ್ ದೂರದ ಗುರಿಹಲಗೆಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರಿನದು, ಸಾಸಿವೆ ಕಾಳಿಗಿಂತಲೂ ಚಿಕ್ಕದು. ತರಬೇತುದಾರರಿರುವ ರೇಂಜಿನಲ್ಲಿ ಹುಡುಗನು ಮೊದಲು ಕಲಿಯುವುದು ನಳಿಗೆಯನ್ನು ಯಾವ ದಿಕ್ಕಿಗೆ ಹಿಡಿಯಬಾರದೆಂಬುದನ್ನು. ಗುಂಡು ಹಾರಿಸುವ ಪಾಠ ಆಮೇಲೆ.