ಹಾಟ್‌ಸ್ಪಾಟ್‌ನಿಂದ ರೂಟರಿಗೆ: ಸಂಪರ್ಕ ಕಡಿಯುವ ಜಾಗ ಯಾವುದು

ಮೊಬೈಲ್ ಫೋನಿಗೆ ಬರುವ ಇಂಟರ್ನೆಟ್ಟನ್ನು ವೈಫೈ ಮೂಲಕ ಸುತ್ತಲಿನ ಇತರ ಸಾಧನಗಳಿಗೆ ಹಂಚುವ ವ್ಯವಸ್ಥೆಯನ್ನು ಹಾಟ್‌ಸ್ಪಾಟ್ ಎಂದೂ, ಹೊರಗಿನಿಂದ ಬಂದ ಒಂದೇ ಸಂಪರ್ಕವನ್ನು ಮನೆಯ ಹಲವು ಸಾಧನಗಳಿಗೆ ಪಾಲು ಮಾಡಿಕೊಡುವ ಪೆಟ್ಟಿಗೆಯನ್ನು ರೂಟರ್ ಎಂದೂ ಕರೆಯುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಂಥ ಊರಿನಲ್ಲಿ, ಫೈಬರ್ ತಂತಿಯನ್ನು ಎಳೆಸಿಕೊಳ್ಳಲಾಗದ ತೋಟದ ಮನೆಯವರಿಗೆ, ಇವೆರಡನ್ನೂ ಜೋಡಿಸುವುದು ಟಿವಿ, ಲ್ಯಾಪ್‌ಟಾಪ್, ದ್ರಾಕ್ಷಿ ತೋಟದ ಕ್ಯಾಮೆರಾ ಎಲ್ಲಕ್ಕೂ ನೆಟ್ ಒದಗಿಸುವ ಒಳ್ಳೆಯ ಉಪಾಯ. ಆದರೆ ಈ ಜೋಡಣೆ ಕೈಕೊಟ್ಟಾಗ ಕೇಳಿಬರುವ ‘ನೆಟ್ ಬರುತ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳು ಅಡಗಿರುತ್ತವೆ. ಕೊನೆಯ ಗದ್ದೆಗೆ ನೀರು ಏರದಿದ್ದಾಗ ಕೆರೆಯ ನೀರಗಂಟಿ ಆ ಗದ್ದೆಯಲ್ಲೇ ನಿಂತು ಕಾರಣ ಹುಡುಕುವುದಿಲ್ಲ; ತೂಬಿನ ಬಳಿಗೆ ಹೋಗಿ, ಅಲ್ಲಿಂದ ಕಾಲುವೆಯ ಗುಂಟ ನಡೆದು ಬಂದು, ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂಬುದನ್ನು ಕಣ್ಣಾರೆ ಕಾಣುತ್ತಾನೆ. ನೀರಾವರಿ ಎಂಜಿನಿಯರಾಗಿ ಹೆಸರಾದ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರಿಗೆ ಈ ಕ್ರಮವೇನೂ ಹೊಸತಲ್ಲ, ಮತ್ತು ನೆಟ್ಟಿನ ಹಾದಿಗೆ ಇದಕ್ಕಿಂತ ಒಳ್ಳೆಯ ಕ್ರಮವೂ ಇಲ್ಲ.

ಇಲ್ಲಿ ತೂಬು ಎಂದರೆ ಫೋನು. ಅದರ ವೈಫೈ ಆರಿಸಿ, ಮೊಬೈಲ್ ಡೇಟಾದಿಂದಲೇ ಒಂದು ಪುಟ ತೆರೆಯುತ್ತದೆಯೇ ಎಂದು ಮೊದಲು ನೋಡಬೇಕು. ಅಲ್ಲಿಯೇ ತಡವರಿಸಿದರೆ ರೂಟರನ್ನು ಮುಟ್ಟುವ ಅಗತ್ಯವಿಲ್ಲ. 1,478 ಮೀಟರ್ ಎತ್ತರದ ನಂದಿಬೆಟ್ಟದಂಥ ಗಿರಿಯ ಮರೆಯಲ್ಲಿ ಟವರಿನ ರೇಡಿಯೋ ಅಲೆಗಳು ಕ್ಷೀಣಿಸುತ್ತವೆ, ಕಲ್ಲುಚಪ್ಪಡಿಯ ಗೋಡೆ ಅವನ್ನು ಇನ್ನಷ್ಟು ಕುಗ್ಗಿಸುತ್ತದೆ. ಆದ್ದರಿಂದ ಫೋನನ್ನು ಟವರಿನ ದಿಕ್ಕಿನ ಕಿಟಕಿಯಲ್ಲಿ, ಆದರೆ ಬಿಸಿಲು ತಾಗದಂತೆ ಇಡುವುದು ಲೇಸು, ಏಕೆಂದರೆ ಕಾದ ಫೋನು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಸಾಧನವೊಂದೂ ಸೇರದೆ ಕೆಲವು ನಿಮಿಷ ಕಳೆದರೆ ಹಾಟ್‌ಸ್ಪಾಟ್ ತಾನಾಗಿಯೇ ಆರುವ ಏರ್ಪಾಡು ಅನೇಕ ಫೋನುಗಳಲ್ಲಿದ್ದು, ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿಡಬೇಕಾಗುತ್ತದೆ.

ಮುಂದಿನ ಪ್ರಶ್ನೆ ರೂಟರಿನ ಯೋಗ್ಯತೆಯದು. ಸಾಮಾನ್ಯ ರೂಟರು ಹೊರಗಿನ ನೆಟ್ಟನ್ನು ತನ್ನ ಹಿಂಬದಿಯ ವ್ಯಾನ್ ಎಂಬ ಕಿಂಡಿಗೆ ಸಿಕ್ಕಿಸಿದ ತಂತಿಯಿಂದ ಮಾತ್ರ ಪಡೆಯುತ್ತದೆ. ಗಾಳಿಯಲ್ಲಿ ಬರುವ ವೈಫೈಯನ್ನು ಅದು ಸ್ವೀಕರಿಸಬೇಕಾದರೆ ರಿಪೀಟರ್ ಅಥವಾ ವಿಸ್ಪ್ ಎಂಬ ವಿಧಾನ ಅದರಲ್ಲಿ ಇರಲೇಬೇಕು. ರಿಪೀಟರ್ ವಿಧಾನದಲ್ಲಿ ಮನೆಯ ಪ್ರತಿಯೊಂದು ಸಾಧನವೂ ಫೋನಿನಿಂದಲೇ ವಿಳಾಸ ಪಡೆಯುವುದರಿಂದ ಹಾಟ್‌ಸ್ಪಾಟಿನ ಮಿತಿ ಬೇಗ ತುಂಬಿಹೋಗುತ್ತದೆ, ವಿಸ್ಪ್ ವಿಧಾನದಲ್ಲಾದರೋ ಫೋನಿನ ಕಣ್ಣಿಗೆ ರೂಟರೊಂದೇ ಕಾಣುತ್ತದೆ. ಹೀಗಾಗಿ ಮನೆಬಳಕೆಗೆ ಎರಡನೆಯದೇ ಮೇಲು.

ರೂಟರು ಯೋಗ್ಯವಾಗಿದ್ದೂ ಅದರ ಪಟ್ಟಿಯಲ್ಲಿ ಫೋನಿನ ಹೆಸರೇ ಕಾಣಿಸದಿದ್ದರೆ ಮೊದಲು ಶಂಕಿಸಬೇಕಾದದ್ದು ತರಂಗಾಂತರವನ್ನು. ವೈಫೈ ಮುಖ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ, ಎಂದರೆ ಬ್ಯಾಂಡುಗಳಲ್ಲಿ, ನಡೆಯುತ್ತದೆ. ಮೊದಲನೆಯದನ್ನು ಭಾರತ ಸರ್ಕಾರ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು, 5 ಗಿಗಾಹರ್ಟ್ಸ್‌ನ ವಿಶಾಲ ಭಾಗಕ್ಕೆ ಆ ಸ್ವಾತಂತ್ರ್ಯ ದೊರೆತದ್ದು 2018ರಲ್ಲಿ. ಅಗ್ಗದ ರೂಟರುಗಳು ಮೊದಲ ಪಟ್ಟಿಯನ್ನಷ್ಟೇ ಬಲ್ಲವಾದ್ದರಿಂದ, 5 ಗಿಗಾಹರ್ಟ್ಸ್‌ಗೆ ಹೊಂದಿಸಿದ ಫೋನು ಪಕ್ಕದಲ್ಲೇ ಇದ್ದರೂ ಅವುಗಳಿಗೆ ಇಲ್ಲದಂತೆಯೇ. ಆಂಡ್ರಾಯ್ಡ್ ಫೋನಿನಲ್ಲಿ ಹಾಟ್‌ಸ್ಪಾಟಿನ ಬ್ಯಾಂಡನ್ನು 2.4ಕ್ಕೆ ಬದಲಿಸಿದರೆ, ಹೊಸ ಐಫೋನಿನಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬ ಗುಂಡಿಯನ್ನು ಒತ್ತಿದರೆ ಈ ತೊಡಕು ಕಳೆಯುತ್ತದೆ.

ಹೆಸರಿನದೇ ಇನ್ನೊಂದು ತೊಡಕಿದ್ದು, ಅದು ಕನ್ನಡಿಗರು ವಿಶೇಷವಾಗಿ ತಿಳಿದಿರಬೇಕಾದದ್ದು. ವೈಫೈ ಹೆಸರಿಗೆ ಮೀಸಲಾದ ಜಾಗ 32 ಬೈಟ್ ಮಾತ್ರ; ಬೈಟ್ ಎಂದರೆ ಗಣಕದ ನೆನಪಿನ ಒಂದು ಸಣ್ಣ ಅಳತೆ. ರೋಮನ್ ಅಕ್ಷರವೊಂದಕ್ಕೆ ಒಂದು ಬೈಟ್ ಸಾಕಾದರೆ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಬರಹಕ್ರಮದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರ, ಕಾಗುಣಿತದ ಚಿಹ್ನೆ ಮತ್ತು ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆಗೂ ಮೂರು ಮೂರು ಬೈಟ್ ಬೇಕು. ‘ಮುದ್ದೇನಹಳ್ಳಿ’ ಎಂಬ ಪದ ಅಂಥ 12 ಘಟಕಗಳಿಂದ ಆಗಿರುವುದರಿಂದ ಅದಕ್ಕೆ 36 ಬೈಟ್ ತಗಲುತ್ತದೆ, ಅಂದರೆ ಊರಿನ ಹೆಸರು ಊರಿನ ಲಿಪಿಯಲ್ಲಿ ಆ ಜಾಗಕ್ಕೆ ಹಿಡಿಸುವುದೇ ಇಲ್ಲ. ಚಿಕ್ಕ ಕನ್ನಡ ಹೆಸರು ಹಿಡಿಸಿದರೂ ಹಳೆಯ ರೂಟರು ಅದನ್ನು ಅಂಕುಡೊಂಕು ಗುರುತುಗಳಾಗಿ ಓದಬಹುದು. ಈ ಮಿತಿ ನೋವಿನದೇ. ಆದರೂ ರೂಟರಿಗೆ ಜೋಡಿಸುವಷ್ಟರ ಮಟ್ಟಿಗೆ ಖಾಲಿ ಜಾಗವಾಗಲಿ ಚಿಹ್ನೆಯಾಗಲಿ ಇಲ್ಲದ ರೋಮನ್ ಹೆಸರೇ ಸುರಕ್ಷಿತ.

ಹೆಸರು ಕಂಡು, ಪಾಸ್‌ವರ್ಡ್ ಸರಿಯಿದ್ದೂ ರೂಟರು ಸೇರಲು ಒಪ್ಪದಿದ್ದರೆ, ಫೋನು 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ಪದ್ಧತಿಯನ್ನು ಬಳಸುತ್ತಿದೆಯೇ ಎಂದು ನೋಡಿ, ಹಳೆಯ ರೂಟರಿಗೂ ಅರ್ಥವಾಗುವ ಡಬ್ಲ್ಯುಪಿಎ2ಗೆ ಇಳಿಸಬೇಕು.

ಸೇರಿಯೂ ನೆಟ್ ಬಾರದಿದ್ದರೆ ದೋಷವಿರುವುದು ಬಹುಮಟ್ಟಿಗೆ ವಿಳಾಸಗಳಲ್ಲಿ. ಜಾಲಕ್ಕೆ ಸೇರಿದ ಪ್ರತಿಯೊಂದು ಸಾಧನಕ್ಕೂ ಐಪಿ ಎಂಬ ಅಂಕಿಯ ವಿಳಾಸವಿರುತ್ತದೆ. ಐಫೋನ್ 172.20.10ರಿಂದ ಆರಂಭವಾಗುವ ವಿಳಾಸಗಳನ್ನೂ, ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ 192.168ರ ಸಾಲಿನವನ್ನೂ ಕೊಡುತ್ತವೆ. ರೂಟರು ಕೂಡ ಮನೆಯೊಳಗೆ 192.168ರ ಸಾಲನ್ನೇ ಹಂಚುವುದರಿಂದ, ಮೂರನೆಯ ಅಂಕಿಯೂ ಒಂದೇ ಆಗಿಬಿಟ್ಟರೆ ಒಂದೇ ಹೆಸರನ್ನು ಎರಡು ಬೀದಿಗಳಿಗೆ ಇಟ್ಟಂತಾಗಿ, ಮಾಹಿತಿಯನ್ನು ಯಾವ ಕಡೆಗೆ ಕಳುಹಿಸಬೇಕೆಂಬುದು ರೂಟರಿಗೆ ತಿಳಿಯದಾಗುತ್ತದೆ. ರೂಟರಿನ ಒಳವಿಳಾಸವನ್ನು 192.168.50.1 ಎಂಬಂಥ ಬೇರೊಂದಕ್ಕೆ ಬದಲಿಸಿದರೆ ಗೊಂದಲ ತೀರುತ್ತದೆ. ವಿಳಾಸಗಳು ಸರಿಯಿದ್ದೂ ಪುಟಗಳು ತೆರೆಯದಿದ್ದರೆ, ರೂಟರಿನ ಪರೀಕ್ಷಾ ಪುಟದಿಂದ 8.8.8.8ಕ್ಕೆ ಪಿಂಗ್, ಎಂದರೆ ಒಂದು ಚಿಕ್ಕ ಕೂಗು, ಕಳುಹಿಸಿ ನೋಡಬೇಕು. ಅದಕ್ಕೆ ಓಗೊಟ್ಟು ಜಾಲತಾಣದ ಹೆಸರಿಗೆ ಉತ್ತರ ಬಾರದಿದ್ದರೆ, ಹೆಸರನ್ನು ಅಂಕಿಯ ವಿಳಾಸವಾಗಿ ತಿರುಗಿಸಿಕೊಡುವ ಡಿಎನ್‌ಎಸ್ ಸೇವೆಯಷ್ಟೇ ಕೆಟ್ಟಿದೆ ಎಂದರ್ಥ, ಮತ್ತು ಅಂಥದೇ ಸಾರ್ವಜನಿಕ ಸೇವೆಯ ವಿಳಾಸವಾದ ಅದೇ 8.8.8.8 ಅನ್ನು ರೂಟರಿನ ಡಿಎನ್‌ಎಸ್ ಜಾಗದಲ್ಲಿ ಬರೆದರೆ ಸಾಮಾನ್ಯವಾಗಿ ಅದು ಸರಿಹೋಗುತ್ತದೆ.

ನೆಟ್ ಬಂದೂ ನಿಧಾನವಾಗಿರುವುದಕ್ಕೆ ಕಾರಣ ಬೇರೆ: ಒಂದೇ ರೇಡಿಯೋ ಇರುವ ರೂಟರು ಅದರಲ್ಲೇ ಕೇಳಿ ಅದರಲ್ಲೇ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತೋಟದ ಕ್ಯಾಮೆರಾದ ಮಾತು ಇನ್ನೂ ಬೇರೆ. ಹಳೆಯ ಐಪಿ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರವಾದ್ದರಿಂದ, ಮೊಬೈಲ್ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸುತ್ತವೆ. ಆ ಕಾರಣದಿಂದ ರೂಟರಿನಲ್ಲಿ ಏನೇ ತಿದ್ದಿದರೂ ದೂರದ ಊರಿನಲ್ಲಿ ಕುಳಿತು ಆ ಹಳೆಯ ವಿಳಾಸದ ಮೂಲಕ ಕ್ಯಾಮೆರಾವನ್ನು ನೇರವಾಗಿ ತೆರೆಯಲಾಗದು, ತಾನಾಗಿ ತಯಾರಕರ ಸರ್ವರಿಗೆ ಹೋಗಿ ಸೇರಿಕೊಳ್ಳುವ ಬಗೆಯ ಕ್ಯಾಮೆರಾ ಮಾತ್ರ ಅದರ ಆ್ಯಪ್‌ನಲ್ಲಿ ಕಾಣಿಸುತ್ತದೆ.